ಸಾವಿನ ಬಲೆಗೂ ಒಂದು ನ್ಯಾಯ ಉಂಟು

ಮರದ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ನ್ಯಾಯವೇ?

ನೆಲಕ್ಕೆ ಬಿದ್ದ ವಾಲಿ ರಾಮನನ್ನು ಕೇಳಿದ ಈ ಪ್ರಶ್ನೆ ಉಡುಪಿ ಕಡೆಯ ಮಂದಿಗೆ ಹೊಸತಲ್ಲ. ಮಳೆಗಾಲ ಬಂದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ದೇವಸ್ಥಾನದ ಪೌಳಿಯಲ್ಲೋ ಶಾಲೆಯ ಜಗಲಿಯಲ್ಲೋ ತಾಳಮದ್ದಳೆ ಕೂತಿತೆಂದರೆ ಎಲ್ಲಾದರೊಂದು ಕಡೆ 'ವಾಲಿವಧೆ' ಇದ್ದೇ ಇರುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರ (1918-2006) ವಾಲಿಯನ್ನು ಕೇಳಿದ ಹಿರಿಯರನ್ನು ವಿಚಾರಿಸಿ ನೋಡಿ. ಕಥೆ ಅವರಿಗೆ ಮೊದಲೇ ಗೊತ್ತಿತ್ತು, ವಾಲಿ ಸಾಯುತ್ತಾನೆಂಬುದೂ ಗೊತ್ತಿತ್ತು. ಆದರೂ ನಿದ್ದೆಗೆಟ್ಟು ಕೂತದ್ದು ಒಂದೇ ವಿಷಯ ಕೇಳಲಿಕ್ಕೆ: ಸತ್ತದ್ದು ಹೌದು, ಸಾಯಿಸಿದ ರೀತಿ ಸರಿಯೋ?

ಇದೇ ಪ್ರಶ್ನೆಯನ್ನು ದೂರದ ಅಮೆರಿಕದಲ್ಲಿ ಹುಟ್ಟಿದ ಒಂದು ಆಟದವರೂ ಐವತ್ತು ವರ್ಷಗಳಿಂದ ಚರ್ಚಿಸುತ್ತ ಬಂದಿದ್ದಾರೆ. ಆಟದ ಹೆಸರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. 2016ರಿಂದ ನೆಟ್‌ಫ್ಲಿಕ್ಸ್‌ನಲ್ಲಿ ಬಂದ 'ಸ್ಟ್ರೇಂಜರ್ ಥಿಂಗ್ಸ್' ಧಾರಾವಾಹಿಯಲ್ಲಿ ನಾಲ್ಕು ಹುಡುಗರು ಮೇಜಿನ ಸುತ್ತ ಕೂತು ಆಡುವುದು ಇದನ್ನೇ. 2023ರಲ್ಲಿ ಬಂದ 'ಬಾಲ್ಡರ್ಸ್ ಗೇಟ್ 3' ಎಂಬ ಕಂಪ್ಯೂಟರ್ ಆಟವೂ ಇದರ ನಿಯಮಗಳ ಮೇಲೆಯೇ ನಿಂತಿದೆ. ನಿಮ್ಮ ಮನೆಯ ಕಾಲೇಜು ಹುಡುಗನಿಗೋ ಹುಡುಗಿಗೋ ಈ ಹೆಸರು ಗೊತ್ತಿದ್ದರೆ ಆಶ್ಚರ್ಯವಿಲ್ಲ. ಹೆತ್ತವರಿಗೆ ಮಾತ್ರ "ಇದೆಂಥ ಹೊಸ ಗ್ರಹಚಾರ?" ಎನಿಸಬಹುದು. ಹೆದರಬೇಡಿ. ಇದರ ಅರ್ಧದಷ್ಟು ನಮಗೆ ಮೊದಲೇ ಗೊತ್ತಿರುವ ವಿದ್ಯೆ.

ವೇಷವಿಲ್ಲದ ಪಾತ್ರ

ತಾಳಮದ್ದಳೆಯಲ್ಲಿ ಏನಾಗುತ್ತದೆ? ನಾಲ್ಕಾರು ಮಂದಿ ಚಾಪೆಯ ಮೇಲೆ ಕೂತಿರುತ್ತಾರೆ. ಬಣ್ಣವಿಲ್ಲ, ಕಿರೀಟವಿಲ್ಲ. ಒಬ್ಬ ರಾಮ, ಒಬ್ಬ ವಾಲಿ, ಒಬ್ಬ ಸುಗ್ರೀವ. ಭಾಗವತರು ಪದ ಹೇಳಿ ಸನ್ನಿವೇಶವನ್ನು ಎದುರಿಗಿಡುತ್ತಾರೆ. ಅರ್ಥಧಾರಿಗಳು ಆ ಪಾತ್ರವೇ ಆಗಿ ಅಲ್ಲೇ ಮಾತು ಹುಟ್ಟಿಸಬೇಕು. ಬರೆದಿಟ್ಟ ಸಂಭಾಷಣೆ ಇಲ್ಲ.

ಈ ಅಮೆರಿಕದ ಆಟವೂ ಹಾಗೆಯೇ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ಇದನ್ನು ಪ್ರಕಟಿಸಿದರು. ಆಟಗಾರರಲ್ಲಿ ಒಬ್ಬ ಯೋಧ, ಒಬ್ಬ ಮಂತ್ರವಾದಿ, ಒಬ್ಬ ಕಳ್ಳ, ಹೀಗೆ ಒಂದೊಂದು ಪಾತ್ರ. ಭಾಗವತರ ಜಾಗದಲ್ಲಿ ಒಬ್ಬ ಸೂತ್ರಧಾರ. ಅವನನ್ನು 'ಡಂಜನ್ ಮಾಸ್ಟರ್' ಎನ್ನುತ್ತಾರೆ. ನೆಲದಡಿಯ ಹಾಳು ಗುಹೆಯ ನಕ್ಷೆ ಅವನ ಕೈಯಲ್ಲಿರುತ್ತದೆ. ಅವನು ಎದುರಿಗೆ ಕಾಣುವುದನ್ನು ಹೇಳುತ್ತಾನೆ, ಆಟಗಾರರು ತಾವು ಮಾಡುವುದನ್ನು ಹೇಳುತ್ತಾರೆ, ಫಲ ಸಂದೇಹವಿದ್ದಲ್ಲಿ ದಾಳ ಉರುಳುತ್ತದೆ.

ತಾಳಮದ್ದಳೆಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ವಾಲಿವಧೆಯಲ್ಲಿ ವಾಲಿ ಬದುಕಿ ಮನೆಗೆ ಹೋಗುವ ಹಾಗಿಲ್ಲ. ಈ ಆಟದಲ್ಲಿ ಕೊನೆ ಯಾರಿಗೂ ಗೊತ್ತಿಲ್ಲ, ಸೂತ್ರಧಾರನಿಗೂ ಗೊತ್ತಿಲ್ಲ. ನೀವು ಬದುಕಬಹುದು, ಸಾಯಬಹುದು. ಹಳೆಯ ಕಾಲದ ಆಟಗಳಲ್ಲಂತೂ ಸಾಯುವುದೇ ಹೆಚ್ಚು. ವಿಷದ ಮುಳ್ಳು ಚುಚ್ಚಿತೇ? ಇಪ್ಪತ್ತು ಮುಖದ ದಾಳ ಒಮ್ಮೆ ಉರುಳಿಸಬೇಕು. ಸಾಕಷ್ಟು ಅಂಕ ಬಿದ್ದರೆ ಬದುಕು, ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ತಿಂಗಳುಗಟ್ಟಲೆ ಆಡಿ ಬೆಳೆಸಿದ ಪಾತ್ರ ಒಂದು ಕ್ಷಣದಲ್ಲಿ ಹೋಗಿಬಿಡುತ್ತದೆ.

ಇಂತಹ ಕಥಾನಕಗಳಲ್ಲಿ ಅತ್ಯಂತ ಕುಪ್ರಸಿದ್ಧವಾದದ್ದು ಗೈಗ್ಯಾಕ್ಸ್ ಬರೆದ 'ಟೂಂಬ್ ಆಫ್ ಹಾರರ್ಸ್', ಅಂದರೆ ಭಯಾನಕ ಗೋರಿ. 1975ರಲ್ಲಿ ಬಾಲ್ಟಿಮೋರ್‌ನಲ್ಲಿ ನಡೆದ 'ಒರಿಜಿನ್ಸ್' ಮೇಳದ ಸ್ಪರ್ಧೆಗಾಗಿ ಇದನ್ನು ಬಳಸಿದರು; 1978ರಲ್ಲಿ ಪುಸ್ತಕವಾಗಿ ಬಂತು. ತಮ್ಮಷ್ಟು ನಿಪುಣರಿಲ್ಲವೆಂದು ಬೀಗುತ್ತಿದ್ದ ಆಟಗಾರರಿಗೆ ನೀರಿಳಿಸಬೇಕೆಂಬುದೂ ಅದರ ಹಿಂದಿನ ಉದ್ದೇಶ. ಗೋರಿಗೆ ಮೂರು ದ್ವಾರ. ಅದರಲ್ಲಿ ಎರಡು ಸುಳ್ಳು. ಒಳಗೆ ಹೊಕ್ಕವರ ತಲೆಯ ಮೇಲೆ ಒಂದರಲ್ಲಿ ಚಾವಣಿ ಕುಸಿಯುತ್ತದೆ, ಇನ್ನೊಂದರಲ್ಲಿ ಹಿಂದಿನಿಂದ ಬಂಡೆ ಸರಿದು ದಾರಿ ಮುಚ್ಚುತ್ತದೆ. ಸರಿಯಾದ ದಾರಿಯಲ್ಲಿ ಹೋದರೆ ಓಣಿಯ ಕೊನೆಗೆ ಒಂದು ಹಸಿರು ರಾಕ್ಷಸ ಮುಖ.

ಆಟ ನಮ್ಮ ಊರಿನ ಹುಡುಗರ ನಡುವೆ ನಡೆದರೆ ಹೇಗಿರುತ್ತದೆಂದು ಊಹಿಸಿಕೊಳ್ಳಿ.

"ಎದುರು ಗೋಡೆಯಲ್ಲಿ ಹಸಿರು ಕಲ್ಲಿನ ಮುಖ. ಬಾಯಿ ಅಗಲ ತೆರೆದುಂಟು. ಒಳಗೆ ಬರೇ ಕತ್ತಲೆ. ಎಂತ ಮಾಡ್ತೀರಿ?"

"ದೀಪ ಹಿಡಿದು ನೋಡ್ತೇನೆ."

"ಏನೂ ಕಾಣುವುದಿಲ್ಲ. ಕತ್ತಲೆ ಹಾಗೆಯೇ ಉಂಟು."

"ಹೆದರಿ ಎಂತ ಮಾಡುವುದು ಮಾರಾಯ? ನಾನು ಒಳಗೆ ಹಾರ್ತೇನೆ."

"ಖಂಡಿತವಾ?"

"ಖಂಡಿತ."

"ಸರಿ. ನೀನು ಇನ್ನಿಲ್ಲ."

ದಾಳವಿಲ್ಲ, ಮರುಮಾತಿಲ್ಲ. ಆ ಕಪ್ಪು ಬಾಯೊಳಗೆ ಹೋದದ್ದು ಯಾವುದಿದ್ದರೂ ನಾಶವಾಗುತ್ತದೆ. ಮೊದಲನೆಯವನು ಹಾರಿದ್ದನ್ನು ಕಂಡು, ಅವನು ಬೇರೆಲ್ಲಿಗೋ ತಲುಪಿದನೆಂದು ತಿಳಿದು ಎರಡನೆಯವನೂ ಮೂರನೆಯವನೂ ಹಾರಿದರೆ ಇಡೀ ತಂಡವೇ ಮಾಯ.

"ಇದು ಅನ್ಯಾಯ!" ಎಂದು ಹುಡುಗ ಕೂಗಿಯೇ ಕೂಗುತ್ತಾನೆ. ಅವನು ಕೂಗುವುದು ವಾಲಿಯ ಮಾತನ್ನೇ. ಸೂತ್ರಧಾರ ಏನು ಉತ್ತರ ಕೊಡಬೇಕು?

ಮೂರು ಆಟ, ಮೂರು ಬಲೆ

ಬಲೆ ಎಷ್ಟು ಘೋರ ಎಂಬುದರ ಮೇಲೆ ನ್ಯಾಯ ನಿಂತಿಲ್ಲ. ಇದನ್ನು ತಿಳಿಯಲು ನಮ್ಮ ಸುತ್ತಲಿನ ಮೂರು ವಿಷಯ ನೋಡೋಣ.

ಮೊದಲನೆಯದು ಹಾವು-ಏಣಿ ಆಟ. ವೈಕುಂಠ ಏಕಾದಶಿಯ ಜಾಗರಣೆಗೆ ಆಡುತ್ತಿದ್ದ ಪರಮಪದ ಸೋಪಾನವೂ ಇದೇ ಕುಲದ್ದು. ಇಲ್ಲಿ ಹಾವುಗಳೇನೂ ಅಡಗಿ ಕೂತಿಲ್ಲ. ಪಟದ ಮೇಲೆ ಬಾಲ, ಬಾಯಿ ಎಲ್ಲ ಚೆನ್ನಾಗಿಯೇ ಕಾಣುತ್ತವೆ. ಆದರೆ ಕಂಡು ಮಾಡುವುದೇನು? ದಾಳ ನಾಲ್ಕು ಬಿದ್ದರೆ ನಾಲ್ಕೇ ಮನೆ ನಡೆಯಬೇಕು, ಹಾವಿನ ಬಾಯಿಗೇ ಹೋಗಬೇಕು. ಕುರುಹು ಇದೆ, ಆಯ್ಕೆ ಇಲ್ಲ. ಅದಕ್ಕೇ ಐದು ವರ್ಷದ ಮಗುವೂ ಅಜ್ಜನೂ ಸರಿಸಮವಾಗಿ ಆಡಬಹುದು, ಗೆದ್ದವರು ಜಾಣರೆಂದು ಯಾರೂ ಹೇಳುವುದಿಲ್ಲ.

ಎರಡನೆಯದಕ್ಕೆ ಕಾರ್ಕಳಕ್ಕೆ ಬನ್ನಿ. ಗೊಮ್ಮಟ ಬೆಟ್ಟದ ಎದುರಿಗೆ ಚತುರ್ಮುಖ ಬಸದಿ ಇದೆ. ಭೈರರಸ ವಂಶದ ಅರಸ 1586ರಲ್ಲಿ ಕಟ್ಟಿಸಿದ್ದು. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ನಾಲ್ಕೂ ಒಂದೇ ತರಹ. ಯಾವ ಬಾಗಿಲಲ್ಲಿ ನಿಂತರೂ ಎದುರಿಗೆ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರ ದರ್ಶನವಾಗುತ್ತದೆ. ಯಾವ ಕಡೆಯಿಂದ ಬಂದವನೂ ತಪ್ಪು ಬಾಗಿಲಿಗೆ ಬಂದೆ ಎನ್ನುವಂತಿಲ್ಲ. ಕಟ್ಟಿಸಿದವರ ದೊಡ್ಡ ಮನಸ್ಸು ಅದು. ಈಗ ಒಬ್ಬ ಸೂತ್ರಧಾರ ಇಂಥ ನಾಲ್ಕು ಸಮಾನ ಬಾಗಿಲುಗಳನ್ನು ತನ್ನ ನಕ್ಷೆಯಲ್ಲಿ ಬರೆದು, ಒಂದರ ಹಿಂದೆ ನಿಧಿ, ಮೂರರ ಹಿಂದೆ ಸಾವು ಇಟ್ಟು, "ಆರಿಸಿಕೊಳ್ಳಿ" ಎಂದನೆನ್ನಿ. ಆಯ್ಕೆ ಇದೆ, ಕುರುಹು ಇಲ್ಲ. ಇದು ಲಾಟರಿ. ಆಟಗಾರ ಇಲ್ಲಿ ಸತ್ತರೆ ಏನನ್ನೂ ಕಲಿಯಲಾರ, ಬದುಕಿದರೂ ಕಲಿಯಲಾರ.

ಮೂರನೆಯದು ಯಕ್ಷನ ಕೊಳ. ಬಾಯಾರಿದ ಪಾಂಡವರಿಗೆ ನೀರು ತರಲು ನಕುಲ ಹೋದ. ನನ್ನ ಪ್ರಶ್ನೆಗೆ ಉತ್ತರ ಹೇಳದೆ ನೀರು ಮುಟ್ಟಬೇಡ ಎಂದು ಧ್ವನಿ ಕೇಳಿಸಿತು. ಅವನು ಲೆಕ್ಕಿಸದೆ ಕುಡಿದ, ಬಿದ್ದ. ಆಮೇಲೆ ಸಹದೇವ, ಆಮೇಲೆ ಅರ್ಜುನ, ಆಮೇಲೆ ಭೀಮ. ಸಾವಿನ ಬಲೆಯೆಂದರೆ ಇದೇ. ನಾಲ್ವರು ಮಹಾವೀರರು ಒಂದು ಬೊಗಸೆ ನೀರಿಗೆ ಉರುಳಿದರು. ಆದರೆ ಇದನ್ನು ಅನ್ಯಾಯವೆಂದು ಯಾರಾದರೂ ಹೇಳಿದ್ದುಂಟೇ? ಒಬ್ಬೊಬ್ಬರಿಗೂ ಮೊದಲೇ ಎಚ್ಚರಿಕೆ ಬಂದಿತ್ತು. ಸಹದೇವನಿಂದ ಮುಂದಿನವರಿಗೆ ಇನ್ನೂ ದೊಡ್ಡ ಕುರುಹು ಕಣ್ಣೆದುರೇ ಮಲಗಿತ್ತು: ಗಾಯವಿಲ್ಲದೆ ಬಿದ್ದಿದ್ದ ಒಡಹುಟ್ಟಿದವರು. ಕುಡಿಯದೆ ನಿಲ್ಲುವ, ಪ್ರಶ್ನೆ ಏನೆಂದು ಕೇಳುವ ದಾರಿ ಎಲ್ಲರಿಗೂ ತೆರೆದಿತ್ತು. ಕುರುಹೂ ಇತ್ತು, ಆಯ್ಕೆಯೂ ಇತ್ತು. ಧರ್ಮರಾಯನೊಬ್ಬ ನಿಂತು ಕೇಳಿದ, ಉತ್ತರಿಸಿದ, ತಮ್ಮಂದಿರನ್ನು ಉಳಿಸಿಕೊಂಡ. ಕೊನೆಗೆ ನೋಡಿದರೆ ಯಕ್ಷನ ರೂಪದಲ್ಲಿದ್ದವನು ಯಮಧರ್ಮ. ಬಲೆ ಹಾಕಿದವನೇ ಧರ್ಮದೇವತೆ ಎಂಬುದನ್ನು ಸೂತ್ರಧಾರರೆಲ್ಲ ನೆನಪಿಟ್ಟುಕೊಳ್ಳಬೇಕು.

ಈಗ ಹಸಿರು ಮುಖಕ್ಕೆ ಮರಳೋಣ. ಅದು ಯಾವ ಜಾತಿಯದ್ದು? ಭಯ ಹುಟ್ಟಿಸುವ ರಾಕ್ಷಸ ಮುಖವೇ ಒಂದು ಕುರುಹು. ಓಣಿಯ ನೆಲದಲ್ಲಿ ಒಗಟಿನಂತಹ ಸೂಚನೆಗಳೂ ಇವೆ. ಆಟಗಾರರಿಗೆ ತೋರಿಸಲೆಂದೇ ಚಿತ್ರಗಳ ಒಂದು ಪುಸ್ತಿಕೆಯನ್ನೂ ಗೈಗ್ಯಾಕ್ಸ್ ಜೊತೆಗಿಟ್ಟಿದ್ದರು. ಇದು ಹೊಡೆದಾಟ ಬಯಸುವವರಿಗಲ್ಲ, ತಲೆ ಓಡಿಸುವವರಿಗೆ ಎಂದು ಪುಸ್ತಕದ ಆರಂಭದಲ್ಲೇ ಸೂತ್ರಧಾರನನ್ನು ಎಚ್ಚರಿಸಿಯೂ ಇದ್ದರು. ಹಳೆಯ ಆಟಗಾರರು ತಮ್ಮ ಸಾಮಾನಿನ ಪಟ್ಟಿಯಲ್ಲಿ ಹತ್ತಡಿ ಉದ್ದದ ಒಂದು ಕೋಲನ್ನು ತಪ್ಪದೆ ಬರೆದುಕೊಳ್ಳುತ್ತಿದ್ದರು. ಮಳೆಗಾಲದಲ್ಲಿ ತೋಡು ದಾಟುವ ಮೊದಲು ನಮ್ಮ ಹಿರಿಯರು ಕೋಲು ಊರಿ ಆಳ ನೋಡುವುದಿಲ್ಲವೇ, ಹಾಗೆ. ಆ ಕೋಲನ್ನು ಬಾಯೊಳಗೆ ತೂರಿಸಿದವನಿಗೆ ನಷ್ಟವಾಗುವುದು ಅರ್ಧ ಕೋಲು ಮಾತ್ರ. ಹಾರಿದವನು ನಿಜವಾಗಿ ಸತ್ತದ್ದು, ಕೇಳಬಹುದಾಗಿದ್ದ ಪ್ರಶ್ನೆಯನ್ನು ಕೇಳದೆ.

ಹಾಗೆಂದು ಆ ಗೋರಿಯಲ್ಲಿರುವುದೆಲ್ಲ ನ್ಯಾಯವೆಂದು ಒಪ್ಪಬೇಕಾಗಿಲ್ಲ. ಅದರ ಕೆಲವು ಕೋಣೆಗಳಲ್ಲಿ ಎಷ್ಟು ಜಾಣನಾದರೂ ಊಹಿಸಲಾರದ ಸಾವುಗಳಿವೆ ಎಂಬ ದೂರು ಇವತ್ತಿಗೂ ಇದೆ. ಹೊಸ ನಿಯಮಗಳು ಮೆತ್ತಗಾಗಿವೆ. 2014ರ ಐದನೆಯ ಆವೃತ್ತಿಯಲ್ಲಿ ಬಿದ್ದ ಪಾತ್ರ ಕೂಡಲೇ ಸಾಯುವುದಿಲ್ಲ. ದಾಳ ಉರುಳಿಸುತ್ತ ಹೋಗಬೇಕು, ಮೂರು ಸೋಲಿಗಿಂತ ಮೊದಲು ಮೂರು ಗೆಲುವು ಬಂದರೆ ಜೀವ ಉಳಿಯಿತು. ಇದು ಬೇಡ, ಹಳೆಯ ಕಟ್ಟುನಿಟ್ಟೇ ಚೆಂದ ಎಂದು ಹಳೆಯ ನಿಯಮಗಳಿಗೆ ಮರಳಿದವರ ಬಳಗವೂ ಒಂದಿದೆ. ಎರಡು ಪಕ್ಷದವರೂ ಒಪ್ಪುವ ಒಂದು ಮಾತಿದೆ: ಸತ್ತವನು "ಛೆ, ನಾನು ಅದನ್ನು ಗಮನಿಸಬೇಕಿತ್ತು" ಎಂದರೆ ಬಲೆ ನ್ಯಾಯವಾದದ್ದು. "ನನಗೆ ಗೊತ್ತಾಗುವುದಾದರೂ ಹೇಗೆ?" ಎಂದರೆ ಸೂತ್ರಧಾರ ತಲೆ ತಗ್ಗಿಸಬೇಕು.

ಸುಗ್ರೀವನ ಕೊರಳ ಹಾರ

ಈ ಅಳತೆಗೋಲಿನಿಂದ ವಾಲಿಯ ಪ್ರಕರಣವನ್ನು ಅಳೆದರೆ ಸ್ವಾರಸ್ಯ ಕಾಣುತ್ತದೆ. ವಾಲ್ಮೀಕಿಯ ಕಥೆಯಲ್ಲಿ ಮೊದಲ ಕಾಳಗದಲ್ಲಿ ಸುಗ್ರೀವ ಪೆಟ್ಟು ತಿಂದು ಓಡಿಹೋಗುತ್ತಾನೆ. ಅಣ್ಣ ಯಾರು, ತಮ್ಮ ಯಾರು ಎಂದು ತಿಳಿಯದೆ ರಾಮ ಬಾಣ ಬಿಡಲಿಲ್ಲ. ಎರಡನೆಯ ಸಲ ಗುರುತಿಗಾಗಿ ಲಕ್ಷ್ಮಣ ಗಜಪುಷ್ಪಿಯ ಬಳ್ಳಿಯನ್ನು ಸುಗ್ರೀವನ ಕೊರಳಿಗೆ ಹಾಕುತ್ತಾನೆ. ಸುಗ್ರೀವ ಮತ್ತೆ ಬಂದು ಕೂಗುತ್ತಾನೆ.

ತಾರೆ ಗಂಡನನ್ನು ತಡೆಯುತ್ತಾಳೆ. ಆಗಷ್ಟೇ ಸೋತು ಓಡಿದವನು ಇಷ್ಟು ಬೇಗ ಇಷ್ಟು ಧೈರ್ಯದಿಂದ ಬಂದಿದ್ದಾನೆಂದರೆ ಹಿಂದೆ ಯಾರದೋ ಬಲ ಇರಬೇಕು ಎನ್ನುತ್ತಾಳೆ. ಅಂಗದನಿಗೆ ಚಾರರಿಂದ ಸುದ್ದಿ ಬಂದಿದೆ, ಅಯೋಧ್ಯೆಯ ರಾಜಕುಮಾರರು ಅವನ ಸ್ನೇಹ ಮಾಡಿದ್ದಾರೆ ಎಂದೂ ತಿಳಿಸುತ್ತಾಳೆ. ವಾಲಿ ಕೇಳಲಿಲ್ಲ. ರಾಮ ಧರ್ಮ ಬಲ್ಲವನು, ತಪ್ಪು ಮಾಡಲಾರ ಎಂದು ಹೊರಟ.

ಅಂದರೆ ಕುರುಹು ಇರಲಿಲ್ಲವೆಂದು ವಾಲಿ ಹೇಳುವಂತಿಲ್ಲ. ಹೆಂಡತಿಯ ಮಾತಿನಲ್ಲಿತ್ತು, ಮಗನ ಸುದ್ದಿಯಲ್ಲಿತ್ತು, ಎದುರಾಳಿಯ ಕೊರಳಲ್ಲೇ ಹೊಸದಾಗಿ ನೇತಾಡುತ್ತಿತ್ತು. ಸ್ವಲ್ಪ ಹೊತ್ತಿನ ಹಿಂದೆ ಇಲ್ಲದ ಹಾರ ಈಗ ಏಕೆ ಎಂದು ಒಂದು ಕ್ಷಣ ಯೋಚಿಸಿದ್ದರೆ ಸಾಕಿತ್ತು. ಹೋಗದೆ ಇರುವ ಆಯ್ಕೆಯೂ ಇತ್ತು.

ಆದರೂ ವಾಲಿಯ ಪ್ರಶ್ನೆ ಸಾಯಲಿಲ್ಲ ನೋಡಿ. ಏಕೆಂದರೆ ಕುರುಹು ಮತ್ತು ಆಯ್ಕೆ ಇದ್ದರೂ ಇನ್ನೊಂದು ಬೇಕು: ಬಲೆ ಹಾಕಿದವನು ಉತ್ತರ ಕೊಡಬೇಕು. ಮರದ ಮರೆಯಿಂದ ರಾಮ ಎದುರಿಗೆ ಬರುತ್ತಾನೆ. ಸಾಯುವವನ ಕಟುಮಾತನ್ನು ಪೂರ್ತಿ ಕೇಳುತ್ತಾನೆ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡದ್ದಕ್ಕೆ ದಂಡವೆಂದು ಕಾರಣ ಹೇಳುತ್ತಾನೆ. ಆ ಉತ್ತರ ನಿಮಗೆ ಒಪ್ಪಿಗೆಯಾಗದಿರಬಹುದು. ನಮ್ಮ ಅರ್ಥಧಾರಿಗಳು ತಲೆಮಾರುಗಳಿಂದ ಅದನ್ನೇ ಚರ್ಚಿಸುತ್ತಿದ್ದಾರೆ. ಆದರೆ ಕೇಳುವ ಹಕ್ಕು ವಾಲಿಗಿತ್ತು, ಹೇಳುವ ಹೊಣೆ ರಾಮನಿಗಿತ್ತು. "ನಾನು ಹೇಳಿದ ಮೇಲೆ ಮುಗಿಯಿತು, ಸುಮ್ಮನೆ ಸಾಯಿ" ಎಂದಿದ್ದರೆ ತಾಳಮದ್ದಳೆಗೆ ಪ್ರಸಂಗವೇ ಇರುತ್ತಿರಲಿಲ್ಲ.

ಒಳ್ಳೆಯ ಸೂತ್ರಧಾರ ಈ ಹೊಣೆಯನ್ನು ಬಲ್ಲವನು. ಅವನು ದಾಳವನ್ನು ಎಲ್ಲರೆದುರು ಉರುಳಿಸುತ್ತಾನೆ. ತನಗೆ ಬೇಕಾದವನು ಬಂದನೆಂದು ಗುಂಡಿಯನ್ನು ಸರಿಸುವುದಿಲ್ಲ, ಬೇಡದವನು ಬಂದನೆಂದು ಹೊಸ ಗುಂಡಿ ತೋಡುವುದಿಲ್ಲ. ಆಟ ಮುಗಿದ ಮೇಲೆ ನಕ್ಷೆ ಬಿಚ್ಚಿ, "ಇಗೋ, ಇಲ್ಲಿ ಹೇಳಿದ್ದೆ, ಇಲ್ಲಿ ತೋರಿಸಿದ್ದೆ" ಎಂದು ಬೆರಳಿಟ್ಟು ತೋರಿಸಬಲ್ಲ.

ಪ್ರಶ್ನೆಪತ್ರಿಕೆಯೂ ಒಂದು ಗುಹೆ

ವಿದ್ಯಾರ್ಥಿ ಮಿತ್ರರೇ, ಈ ಅಳತೆಗೋಲು ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಪರೀಕ್ಷೆಯ ವಿಷಯದಲ್ಲಿ. ಪ್ರಶ್ನೆ ಕಷ್ಟವಾಗಿತ್ತು ಎನ್ನುವುದು ಬೇರೆ, ಅನ್ಯಾಯವಾಗಿತ್ತು ಎನ್ನುವುದು ಬೇರೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಯಾರೂ ಕಿವಿಗೊಡುವುದಿಲ್ಲ.

ನೀಟ್ ಪರೀಕ್ಷೆಯನ್ನು ತೆಗೆದುಕೊಳ್ಳಿ. ಸರಿಯುತ್ತರಕ್ಕೆ 4 ಅಂಕ, ತಪ್ಪುತ್ತರಕ್ಕೆ 1 ಅಂಕ ಕಡಿತ. ಗೊತ್ತಿಲ್ಲದೆ ಗುರುತು ಹಾಕಿದವನಿಗೆ ಇದು ಗುಂಡಿಯೇ. ಆದರೆ ಗುಂಡಿ ಇರುವ ಜಾಗವನ್ನು ಮೊದಲೇ ಸಾರಿ ಹೇಳಿದ್ದಾರೆ, ಬಿಟ್ಟು ಮುಂದೆ ಹೋಗುವ ಆಯ್ಕೆಯೂ ಇದೆ. ಇಲ್ಲಿ ಬಿದ್ದವನು ಯಕ್ಷನ ಕೊಳದಲ್ಲಿ ಬಿದ್ದ ಹಾಗೆ.

ಇನ್ನೊಂದು ಕಡೆ, 2024ರ ಏಪ್ರಿಲ್ 18 ಮತ್ತು 19ರಂದು ನಡೆದ ನಮ್ಮ ರಾಜ್ಯದ ಸಿಇಟಿಯನ್ನು ನೆನಪಿಸಿಕೊಳ್ಳಿ. ಪಠ್ಯದಲ್ಲಿ ಇಲ್ಲದ, ಕೈಬಿಟ್ಟ ಭಾಗಗಳಿಂದ ಪ್ರಶ್ನೆಗಳು ಬಂದಿವೆ ಎಂದು ವಿದ್ಯಾರ್ಥಿಗಳೂ ಹೆತ್ತವರೂ ಅಧ್ಯಾಪಕರೂ ದೂರಿದರು. ತಜ್ಞರು ಪರಿಶೀಲಿಸಿದ ಮೇಲೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಲಾಯಿತು. ಇದು ನಾಲ್ಕು ಸಮಾನ ಬಾಗಿಲುಗಳ ಜಾತಿ. ಓದಬೇಡವೆಂದ ಪಾಠದಿಂದ ಕೇಳಿದರೆ ಜಾಣನಿಗೂ ದಡ್ಡನಿಗೂ ಉಳಿಯುವುದು ಊಹೆ ಮಾತ್ರ. ಸಿಇಟಿಯಲ್ಲಿ ತಪ್ಪುತ್ತರಕ್ಕೆ ಅಂಕ ಕಡಿತವಿಲ್ಲವೆಂಬ ಸಮಾಧಾನ ಇದ್ದರೂ, ಆ ಪ್ರಶ್ನೆಗಳ ಮುಂದೆ ಕೂತು ಕಳೆದ ನಿಮಿಷಗಳನ್ನು ಯಾರೂ ಹಿಂತಿರುಗಿಸಲಾರರು. ಗಮನಿಸಬೇಕಾದ್ದೆಂದರೆ, ಮಕ್ಕಳು ಬರೇ ಅತ್ತುಕೊಂಡು ಕೂರಲಿಲ್ಲ. ಪಠ್ಯದ ಪುಟ, ಪ್ರಶ್ನೆಯ ಸಂಖ್ಯೆ ಹಿಡಿದು ಕೇಳಿದರು. ಉತ್ತರ ಸಿಕ್ಕಿತು. ಕಷ್ಟದ ಪ್ರಶ್ನೆ ಯಾವುದು, ಅನ್ಯಾಯದ ಪ್ರಶ್ನೆ ಯಾವುದು ಎಂದು ಬೇರ್ಪಡಿಸಿ ಹೇಳಬಲ್ಲವನ ಮಾತಿಗೆ ತೂಕ ಬರುತ್ತದೆ.

ಹೆತ್ತವರಿಗೂ ಇಲ್ಲಿ ಪಾಲಿದೆ. ಎಷ್ಟೋ ಮನೆಗಳಲ್ಲಿ ನಿಯಮ ಏನೆಂದು ಗೊತ್ತಾಗುವುದು ಅದನ್ನು ಮುರಿದ ದಿನವೇ. ನಿನ್ನೆ ಎಂಟು ಗಂಟೆಗೆ ಬಂದಾಗ ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ಇವತ್ತು ಏಳೂವರೆಗೆ ಬಂದರೆ ರಂಪ. ಮಗು ಇದರಿಂದ ಸಮಯಪಾಲನೆ ಕಲಿಯುವುದಿಲ್ಲ, ಅಪ್ಪನ ಮುಖ ನೋಡಿ ಹವಾಮಾನ ಊಹಿಸುವುದನ್ನು ಕಲಿಯುತ್ತದೆ. ಕಟ್ಟುನಿಟ್ಟು ಇರಲಿ, ಬೇಡವೆನ್ನುವುದಿಲ್ಲ. ಆದರೆ ಗುಂಡಿ ನಿನ್ನೆ ಇದ್ದಲ್ಲೇ ಇವತ್ತೂ ಇರಲಿ, ಎಲ್ಲಿದೆ ಎಂದು ಮೊದಲೇ ತಿಳಿಸಿರಲಿ.

ಕಡಲಿಗೆ ನ್ಯಾಯ ಗೊತ್ತಿಲ್ಲ

ಗುಂಡಿಗಳನ್ನೆಲ್ಲ ಮುಚ್ಚಿಬಿಟ್ಟರೆ ಆಗದೇ ಎಂದು ಕೆಲವರು ಕೇಳಬಹುದು. ಆಗುವುದಿಲ್ಲ. ಏಕೆಂದರೆ ಮನೆಯ ಹೊರಗಿನ ಗುಂಡಿಗಳು ನಮ್ಮ ಕೈಯಲ್ಲಿಲ್ಲ.

ಕಾಪುವಿನ ದೀಪಸ್ತಂಭವನ್ನು ನೋಡದ ವಿದ್ಯಾರ್ಥಿ ಈ ಜಿಲ್ಲೆಯಲ್ಲಿ ಕಡಿಮೆ. 1901ರಲ್ಲಿ ಬಂಡೆಯ ಮೇಲೆ ಕಟ್ಟಿದ್ದು. ದೀಪ ಇಟ್ಟವರು ಕಡಲಿನ ಒಂದು ಬಂಡೆಯನ್ನೂ ಕಿತ್ತು ತೆಗೆಯಲಿಲ್ಲ. ಬಂಡೆ ಇದ್ದಲ್ಲೇ ಇದೆ, ಇಲ್ಲಿದೆ ನೋಡಿ ಎಂದು ರಾತ್ರಿಯಿಡೀ ಹೇಳುವ ಏರ್ಪಾಡು ಮಾಡಿದರು, ಅಷ್ಟೇ. ದೋಣಿಯನ್ನು ತಿರುಗಿಸಬೇಕಾದವನು ದೋಣಿಯವನೇ. ನ್ಯಾಯವಾದ ಬಲೆಗೆ ಇದಕ್ಕಿಂತ ಒಳ್ಳೆಯ ಚಿತ್ರ ಸಿಗುವುದು ಕಷ್ಟ.

ಕಡಲು ಸೂತ್ರಧಾರನಲ್ಲ. "ಖಂಡಿತವಾ?" ಎಂದು ಅದು ಕೇಳುವುದಿಲ್ಲ. ಮೇಲೆ ಶಾಂತವಾಗಿ ಕಾಣುವ ನೀರು ಅಡಿಯಲ್ಲಿ ಎಳೆಯುತ್ತಿರುತ್ತದೆ. 2022ರ ಏಪ್ರಿಲ್‌ನಲ್ಲಿ ಪ್ರವಾಸಕ್ಕೆ ಬಂದಿದ್ದ ಕೇರಳದ ಕಾಲೇಜು ವಿದ್ಯಾರ್ಥಿಗಳು ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಲ್ಲಿ ನೀರುಪಾಲಾದದ್ದನ್ನು ಉಡುಪಿ ಮರೆತಿಲ್ಲ. ಹೊರಗಿನಿಂದ ಬಂದವನಿಗೆ, ಮಣಿಪಾಲಕ್ಕೆ ಓದಲು ಬರುವ ಒಳನಾಡಿನ ಮಕ್ಕಳಿಗೆ, ಕಡಲಿನ ಕುರುಹುಗಳನ್ನು ಓದಲು ಬರುವುದಿಲ್ಲ. ಬರಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ. ಮೊಗವೀರರ ಮನೆಯ ಹುಡುಗನಿಗೆ ತೆರೆಯ ಬಣ್ಣದಲ್ಲಿ, ನೊರೆಯ ಸಾಲಿನಲ್ಲಿ ಕಾಣುವುದು ಅವರಿಗೆ ಕಾಣದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ದಡದಲ್ಲೇ ಇರುವುದನ್ನು ಕಂಡಾದರೂ, ಇದು ನೀರಿಗಿಳಿಯುವ ಕಾಲವಲ್ಲವೆಂದು ಊಹಿಸಬಹುದು. ಆದರೆ ಊಹೆಗೆ ಬಿಡುವುದು ಬೇಡ. ಕುರುಹು ಇಡುವುದು ಊರಿನವರ ಕೆಲಸ: ಫಲಕ, ಕೆಂಪು ಬಾವುಟ, ಜೀವರಕ್ಷಕನ ಸಿಳ್ಳೆ. ಅದನ್ನು ಲೆಕ್ಕಿಸುವುದು ಬಂದವರ ಕೆಲಸ. ಎರಡರಲ್ಲಿ ಒಂದು ತಪ್ಪಿದರೂ ದಾಳ ಉರುಳಿಸಲು ಇನ್ನೊಂದು ಅವಕಾಶವಿಲ್ಲ.

ಮೇಜಿನ ಮೇಲೆ ಕೋಲು ಊರಿ ನೋಡಿ ಅಭ್ಯಾಸವಾದ ಹುಡುಗ ಕಡಲ ದಡದಲ್ಲೂ ಒಂದು ಪ್ರಶ್ನೆ ಕೇಳಿಯಾನು. ಆಟದ ಸಾವಿನಿಂದ ನಾವು ಬಯಸಬಹುದಾದ ಲಾಭ ಇದು.

ಚೆನ್ನೆಮಣೆಯ ಕಥೆ

ಇಷ್ಟಾದ ಮೇಲೆ, ನ್ಯಾಯವೊಂದಿದ್ದರೆ ಸಾಲದು ಎಂಬುದಕ್ಕೂ ಒಂದು ಕಥೆ ನಮ್ಮಲ್ಲಿದೆ. ತುಳುನಾಡಿನ ಚೆನ್ನೆಮಣೆ ನಿಮಗೆ ಗೊತ್ತು. ಎರಡು ಸಾಲು, ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಇದರಷ್ಟು ನ್ಯಾಯವಾದ ಆಟ ಇನ್ನೊಂದಿಲ್ಲ. ದಾಳವಿಲ್ಲ, ಅಡಗಿಸಿಟ್ಟದ್ದಿಲ್ಲ, ಎಲ್ಲ ಕಾಯಿ ಇಬ್ಬರ ಕಣ್ಣೆದುರಿಗೇ ಇವೆ. ಎಣಿಸಬಲ್ಲವನು ಗೆದ್ದ.

ಸಿರಿ ಪಾಡ್ದನದಲ್ಲಿ ಬರುವ ಅವಳಿ ಅಕ್ಕತಂಗಿಯರು ಅಬ್ಬಗ ಮತ್ತು ದಾರಗ ಈ ಆಟಕ್ಕೇ ಕೂತರು. ಆಟದ ಸೋಲುಗೆಲುವಿನಲ್ಲಿ ಜಗಳ ಹತ್ತಿತು. ಒಬ್ಬಳು ಮಣೆಯನ್ನೇ ಎತ್ತಿ ಇನ್ನೊಬ್ಬಳ ತಲೆಗೆ ಬಡಿದಳು. ಅವಳು ಸತ್ತಳು, ಹೊಡೆದವಳು ಬಾವಿಗೆ ಹಾರಿದಳು. ಒಡಹುಟ್ಟಿದ ಹೆಣ್ಣುಮಕ್ಕಳು ಎದುರುಬದುರು ಕೂತು ಚೆನ್ನೆ ಆಡಬಾರದೆಂಬ ನಂಬಿಕೆಗೆ ಈ ಕಥೆಯೇ ಮೂಲ. ಕಾರ್ಕಳ ತಾಲೂಕಿನ ನಂದಳಿಕೆಯಲ್ಲಿ, ಉಡುಪಿ ಬಳಿಯ ಹಿರಿಯಡ್ಕದಲ್ಲಿ ಸಿರಿಜಾತ್ರೆಯ ರಾತ್ರಿ ಈ ಹೆಸರುಗಳನ್ನು ಇಂದಿಗೂ ಕರೆಯುತ್ತಾರೆ.

ಬಲೆಯೇ ಇಲ್ಲದ ಮಣೆಯಲ್ಲಿ ಎರಡು ಜೀವ ಹೋಯಿತು. ಆಟದಲ್ಲಿ ಅನ್ಯಾಯವಿರಲಿಲ್ಲ, ಸೋಲನ್ನು ಇಟ್ಟುಕೊಳ್ಳಲು ಮನಸ್ಸಿನಲ್ಲಿ ಗುಳಿ ಇರಲಿಲ್ಲ.

1980ರ ದಶಕದಲ್ಲಿ ಅಮೆರಿಕದ ಕೆಲವು ಹೆತ್ತವರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಮಕ್ಕಳನ್ನು ಆತ್ಮಹತ್ಯೆಗೆ ತಳ್ಳುತ್ತದೆಂದು ದೊಡ್ಡ ಗದ್ದಲ ಎಬ್ಬಿಸಿದರು. ಅಂಥ ಸಂಬಂಧ ಸಾಬೀತಾಗಲಿಲ್ಲ. ಆಟವನ್ನು ಹತ್ತಿರದಿಂದ ನೋಡಿದವರಿಗೆ ಕಾಣುವುದು ಬೇರೆಯೇ. ಪಾತ್ರ ಸತ್ತಾಗ ಹುಡುಗ ಒಂದು ಗಳಿಗೆ ಮುಖ ಊದಿಸಿಕೊಳ್ಳುತ್ತಾನೆ. ಗೆಳೆಯರು ನಗುತ್ತಾರೆ, ಹೇಗೆ ಸತ್ತ ಎಂದು ಹೇಳಿ ಹೇಳಿ ಕಥೆ ಕಟ್ಟುತ್ತಾರೆ. ಸ್ವಲ್ಪ ಹೊತ್ತಿಗೆ ಅವನೂ ನಗುತ್ತಾನೆ. ಹೊಸ ಹಾಳೆ ತೆಗೆದು ಹೊಸ ಪಾತ್ರದ ಹೆಸರು ಬರೆಯುತ್ತಾನೆ. ಅದೇ ಮೇಜು, ಅದೇ ಗೆಳೆಯರು. ಅವನ ಜಾಗವನ್ನು ಯಾರೂ ಕಿತ್ತುಕೊಂಡಿಲ್ಲ.

ಫಲಿತಾಂಶದ ದಿನ ನಮ್ಮ ಮನೆಗಳಲ್ಲಿ ಬೇಕಾದದ್ದು ಇದೇ. ಅಂಕ ಕಡಿಮೆಯಾದದ್ದು ಏಕೆಂದು ಕೇಳೋಣ, ನಕ್ಷೆ ಬಿಚ್ಚಿ ಎಲ್ಲಿ ಬಿದ್ದೆ ಎಂದು ಜೊತೆಗೆ ಕೂತು ನೋಡೋಣ. ಆದರೆ ಅದಕ್ಕೂ ಮೊದಲು ಹೊಸ ಹಾಳೆ ಇದೆಯೆಂದು ತಿಳಿಸೋಣ, ಮೇಜಿನಲ್ಲಿ ಅವನ ಜಾಗ ಇದೆಯೆಂದು ತಿಳಿಸೋಣ. ಊಟಕ್ಕೆ ಕರೆಯುವುದು ಅದಕ್ಕೆ ಒಳ್ಳೆಯ ಆರಂಭ.

ಈ ರಜೆಯಲ್ಲಿ ಬೇಕಿದ್ದರೆ ಮನೆಯಲ್ಲೇ ಒಂದು ಕೈ ಆಡಿ ನೋಡಿ. ದುಬಾರಿ ಪುಸ್ತಕ ಬೇಕಾಗಿಲ್ಲ. ಒಂದು ನೋಟುಬುಕ್ಕು, ಒಂದು ಪೆನ್ಸಿಲು, ಹಾವು-ಏಣಿ ಡಬ್ಬಿಯಲ್ಲಿರುವ ದಾಳ ಸಾಕು. ಹಾಳು ಬಿದ್ದ ಒಂದು ಬೀಡಿನ ನಕ್ಷೆ ಬರೆಯಿರಿ, ಮೂರು ಬಲೆ ಇಡಿ, ಪ್ರತಿ ಬಲೆಗೂ ಎರಡೆರಡು ಕುರುಹು ಬರೆದಿಟ್ಟುಕೊಳ್ಳಿ. ಮೊದಲ ದಿನ ಅಪ್ಪ ಸೂತ್ರಧಾರನಾಗಲಿ, ಮರುದಿನ ಮಗಳು. ಮಗಳು ತೋಡಿದ ಗುಂಡಿಗೆ ಅಪ್ಪ ಬಿದ್ದು, "ಇದು ಅನ್ಯಾಯ" ಎಂದು ಕೂಗುವುದನ್ನು ಕೇಳಲಿಕ್ಕಾದರೂ ಅಮ್ಮ ಅಡುಗೆಮನೆಯಿಂದ ಹೊರಗೆ ಬಂದಾರು. ಆಗ ಮಗಳು ನೋಟುಬುಕ್ಕು ತೆರೆದು ಕುರುಹು ತೋರಿಸಲಿ. ತೋರಿಸಲಾಗದಿದ್ದರೆ ಅಪ್ಪನಿಗೆ ಇನ್ನೊಂದು ಜೀವ ಕೊಡಲಿ.